ಉಪ್ಪಿನ ಋಣವೂ ಮತದ ಗೌಪ್ಯವೂ

ಲಿಂಗಸೂಗೂರಿನಿಂದ ಮಸ್ಕಿಯ ಮೇಲೆ ಹಾಯ್ದು ಸಿಂಧನೂರಿಗೆ ಸಾಗುವ ಹೆದ್ದಾರಿಯಲ್ಲಿ ಪಯಣಿಸುವವರಿಗೆ ನೆಲದ ಬಣ್ಣ ಬದಲಾಗುವುದು ತಾನಾಗಿಯೇ ಕಾಣುತ್ತದೆ. ಮೊದಲು ಮಳೆಯನ್ನೇ ನಂಬಿದ ಜೋಳ, ಸಜ್ಜೆ, ತೊಗರಿಯ ಹೊಲಗಳು. ಸಿಂಧನೂರು ಸಮೀಪಿಸಿದಂತೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಬತ್ತದ ಗದ್ದೆಗಳು, ಅಕ್ಕಿ ಗಿರಣಿಗಳು. ಕಾಲುವೆಯ ನೀರು ಈ ಸೀಮೆಯ ಎಲ್ಲ ಊರುಗಳನ್ನೂ ಮುಟ್ಟಿಲ್ಲ. ಆದರೆ ಚುನಾವಣೆ ಘೋಷಣೆಯಾಯಿತೆಂದರೆ ಧ್ವನಿವರ್ಧಕ ಕಟ್ಟಿದ ವಾಹನಗಳು ಒಂದು ಊರನ್ನೂ ಬಿಡದೆ ಮುಟ್ಟುತ್ತವೆ. ಸಂಜೆ ಮನೆಮಂದಿ ಕುಳಿತು ಜಪಮಾಲೆ ಹೇಳುವ ಹೊತ್ತಿಗೆ ಸರಿಯಾಗಿ ಓಣಿಯ ತುದಿಯಲ್ಲಿ ಅಭ್ಯರ್ಥಿಯ ಜಯಘೋಷ ಮೊಳಗುತ್ತದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಬಳಸುವಂತಿಲ್ಲವೆಂಬ ನಿಯಮವೊಂದಿರುವುದರಿಂದ ನಿದ್ರೆಯಾದರೂ ನಮಗೆ ಉಳಿದಿದೆ.

ಪ್ರಿಯ ವಾಚಕರೇ, ಚುನಾವಣೆಯ ಕಾಲದಲ್ಲಿ ಮತದಾರನನ್ನು ಪ್ರಭುವೆಂದು ಕರೆಯುವುದು ವಾಡಿಕೆ. ಆದರೆ ಆ ಪ್ರಭುವಿನ ನಿತ್ಯದ ಪಾಡು ಏನೆಂಬುದನ್ನು ಯಾರೂ ಅಷ್ಟಾಗಿ ಬರೆಯುವುದಿಲ್ಲ. ಇಂದಿನ ಲೇಖನದಲ್ಲಿ ಆ ಪಾಡನ್ನೂ, ಅದರ ನಡುವೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ನನ್ನ ಮುಂದಿಟ್ಟ ಒಂದು ಪ್ರಶ್ನೆಯನ್ನೂ ತಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ. ಆ ಪ್ರಶ್ನೆಗೆ ನಾನು ಮೊದಲು ತಪ್ಪು ಉತ್ತರ ಕೊಟ್ಟಿದ್ದೆ.

ಪ್ರಭುವಿನ ಪಾಡು

ಮೊದಲ ಕಿರುಕುಳ ಹೆಸರಿನದು. ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಕು, ಮತ ತನ್ನದೇ ಎಂದು ನಂಬಿ ಬಿಸಿಲಲ್ಲಿ ಸರದಿ ನಿಂತವನಿಗೆ, ಮತಗಟ್ಟೆಯ ಮೇಜಿನ ಬಳಿ 'ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ' ಎಂಬ ಮಾತು ಕೇಳಿಬರುತ್ತದೆ. ಈ ಅನುಭವ ನನಗೂ ಆಗಿದೆ. ಗುರುಗಳ ಬದುಕು ವರ್ಗಾವಣೆಯ ಬದುಕು. ಹೊಸ ಧರ್ಮಕೇಂದ್ರಕ್ಕೆ ಬಂದ ವರ್ಷ ನನ್ನ ಹೆಸರು ಹಳೆಯ ಊರಿನ ಪಟ್ಟಿಯಲ್ಲೇ ಉಳಿದಿತ್ತು. ಅರ್ಜಿ ಕೊಡುವುದನ್ನು ನಾಳೆ, ನಾಡಿದ್ದು ಎಂದು ಮುಂದೂಡಿದವನು ನಾನೇ. ಊರಿಗೆಲ್ಲ ಮತದಾನ ಮಾಡಿರೆಂದು ಬೋಧಿಸಿ, ನಾನು ಬೆರಳಿಗೆ ಮಸಿಯಿಲ್ಲದೆ ಮನೆಗೆ ಮರಳಿದೆ. ಗುರುತಿನ ಚೀಟಿ ನಾವು ಯಾರೆಂಬುದನ್ನು ಮಾತ್ರ ಹೇಳುತ್ತದೆ. ಅದು ಇಲ್ಲದಿದ್ದರೆ ಚುನಾವಣಾ ಆಯೋಗ ಒಪ್ಪಿದ ಬೇರೆ ದಾಖಲೆಗಳನ್ನು ತೋರಿಸಬಹುದು. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಯಾವ ಚೀಟಿಯೂ ನೆರವಿಗೆ ಬಾರದು.

ಎರಡನೆಯದು ಗುಳೆಯ ಸಂಕಟ. ನಮ್ಮ ಒಣಭೂಮಿಯ ಊರುಗಳಲ್ಲಿ ಸುಗ್ಗಿ ಮುಗಿದೊಡನೆ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ, ಹೆಂಡತಿ, ಮಕ್ಕಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ. ಮನೆ ಕಾಯಲು ಮುದುಕರು ಉಳಿಯುತ್ತಾರೆ. ವಿಧಾನಸಭೆ ಮತ್ತು ಲೋಕಸಭೆಯ ಚುನಾವಣೆಗಳು ನಮ್ಮಲ್ಲಿ ಈಚೆಗೆ ಬರುತ್ತಿರುವುದು ಇದೇ ಬೇಸಿಗೆಯಲ್ಲಿ. ಮತದಾನದ ದಿನ ಕೂಲಿಯವರಿಗೂ ಸಂಬಳಸಹಿತ ರಜೆ ಕೊಡಬೇಕೆಂದು ಕಾನೂನು ಹೇಳುತ್ತದೆ. ಆದರೆ ದಿನಗೂಲಿಯ ಮೇಸ್ತ್ರಿಗೆ ಅದನ್ನು ಓದಿ ಹೇಳುವವರು ಯಾರು? ಸ್ವಂತ ಖರ್ಚಿನಲ್ಲಿ ಬಂದರೆ ಬಸ್ ದರ, ಎರಡು ಮೂರು ದಿನದ ಕೂಲಿ ಎರಡೂ ಹೋಗುತ್ತವೆ. ಅಭ್ಯರ್ಥಿಯ ಕಡೆಯವರು ಕಳುಹಿಸಿದ ವಾಹನದಲ್ಲಿ ಬಂದರೆ ಅವರ ಹಂಗಿಗೆ ಬಿದ್ದಂತೆ. ಹೀಗೆ ಬಾಡಿಗೆ ವಾಹನದಲ್ಲಿ ಮತದಾರರನ್ನು ಪುಕ್ಕಟೆಯಾಗಿ ಕರೆತರುವುದು ಚುನಾವಣಾ ಕಾನೂನಿನ ದೃಷ್ಟಿಯಲ್ಲಿ ಭ್ರಷ್ಟ ನಡತೆಯೂ ಹೌದು. ಬರದೇ ಉಳಿದರೆ ಹಕ್ಕು ಕೈತಪ್ಪಿತು. ಬಡವನ ಮುಂದಿರುವ ಮೂರು ದಾರಿಗಳಲ್ಲಿ ಯಾವುದೂ ನೇರವಾಗಿಲ್ಲ.

ಮೂರನೆಯದು ಯಾರನ್ನು ಕೇಳಬೇಕೆಂಬ ಗೊಂದಲ. ಈ ಮೂರೂ ಊರುಗಳು ರಾಯಚೂರು ಜಿಲ್ಲೆಯವು. ವಿಧಾನಸಭೆಗೆ ಸಿಂಧನೂರು ಸಾಮಾನ್ಯ ಕ್ಷೇತ್ರ, ಲಿಂಗಸೂಗೂರು ಪರಿಶಿಷ್ಟ ಜಾತಿಗೆ, ಮಸ್ಕಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ. ಲೋಕಸಭೆಗೆ ಬಂದರೆ ಲಿಂಗಸೂಗೂರಿನವರು ರಾಯಚೂರಿನ ಸಂಸದರನ್ನೂ, ಸಿಂಧನೂರು ಮತ್ತು ಮಸ್ಕಿಯವರು ಕೊಪ್ಪಳದ ಸಂಸದರನ್ನೂ ಆರಿಸುತ್ತಾರೆ. ಅಣ್ಣ ಒಂದು ಹಳ್ಳಿಯಲ್ಲಿ, ತಮ್ಮ ಪಕ್ಕದ ಹಳ್ಳಿಯಲ್ಲಿ ಹೊಲ ಉಳುತ್ತಾರೆ. ಒಂದೇ ರಸ್ತೆಯ ಕುಣಿಗಳಿಗಾಗಿ ಇಬ್ಬರೂ ಬೇರೆ ಬೇರೆ ಮನೆಯ ಬಾಗಿಲು ತಟ್ಟಬೇಕು. ಇನ್ನು ನಮಗೆ ಸಮೀಪದ ಸಂಸ್ಥೆಗಳಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಮಾತು. 2016ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆ ಚುನಾವಣೆ ನಡೆಯಲೇ ಇಲ್ಲ. ಚುನಾವಣೆ ಬಂದರೆ ಒಂದು ಕಷ್ಟವಾದರೆ ಬಾರದಿದ್ದರೆ ಮತ್ತೊಂದು ಕಷ್ಟ.

ಮಸ್ಕಿಯ ಮತದಾರ

ಈ ಕಿರುಕುಳಗಳಿಗೆಲ್ಲ ಏನಾದರೊಂದು ಪರಿಹಾರವುಂಟು. ಆದರೆ 'ನನ್ನ ಮತಕ್ಕೆ ಬೆಲೆಯೇ ಇಲ್ಲ' ಎಂಬ ನಿರಾಸೆ ಮನಸ್ಸಿನ ಆಳಕ್ಕಿಳಿಯುವಂಥದು. ಮಸ್ಕಿಯ ಮತದಾರನು ಈ ನಿರಾಸೆಯನ್ನು ಉಂಡಷ್ಟು ನಾಡಿನಲ್ಲಿ ಬೇರೆಯವರು ಉಂಡಿರುವುದು ವಿರಳ.

ಮಸ್ಕಿ ವಿಧಾನಸಭಾ ಕ್ಷೇತ್ರ ರಚನೆಯಾಗಿ ಮೊದಲ ಚುನಾವಣೆ ನಡೆದದ್ದು 2008ರಲ್ಲಿ. ಆಗ ಭಾರತೀಯ ಜನತಾ ಪಕ್ಷದಿಂದ ಗೆದ್ದ ಪ್ರತಾಪಗೌಡ ಪಾಟೀಲರು 2013ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. 2018ರಲ್ಲಿ ಕಾಂಗ್ರೆಸ್ಸಿನಿಂದಲೇ ನಿಂತು 60,387 ಮತ ಪಡೆದರು. ಎದುರಾಳಿಯಾಗಿದ್ದ ಭಾಜಪದ ಬಸನಗೌಡ ತುರ್ವಿಹಾಳರು ಪಡೆದದ್ದು 60,174. ಅಂತರ ಕೇವಲ 213. ಮರುವರ್ಷ, 2019ರ ಜುಲೈಯಲ್ಲಿ, ಪಾಟೀಲರು ರಾಜೀನಾಮೆ ಸಲ್ಲಿಸಿದ ಶಾಸಕರ ಗುಂಪಿನಲ್ಲಿದ್ದರು. ವಿಧಾನಸಭಾಧ್ಯಕ್ಷರು ಅವರೆಲ್ಲರನ್ನು ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಅವಕಾಶವಿತ್ತಿತು. ಡಿಸೆಂಬರ್ 5ರಂದು ಹದಿನೈದು ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಮಸ್ಕಿಗೆ ಆ ಭಾಗ್ಯವಿರಲಿಲ್ಲ. 2018ರ ಫಲಿತಾಂಶವನ್ನು ಪ್ರಶ್ನಿಸಿದ ಅರ್ಜಿ ಉಚ್ಚ ನ್ಯಾಯಾಲಯದ ಮುಂದಿತ್ತು. ಅಷ್ಟರಲ್ಲಿ ಕೊರೋನಾ ಬಂದಿತು. 2020ರ ಬೇಸಿಗೆಯಲ್ಲಿ ಗುಳೆ ಹೋದವರು ಕೆಲಸ ಕಳೆದುಕೊಂಡು ಮೂಟೆ ಹೊತ್ತು ಊರಿಗೆ ಮರಳಿದಾಗ, ವಿಧಾನಸಭೆಯಲ್ಲಿ ಎದ್ದು ನಿಂತು ಇವರ ಪರವಾಗಿ ಒಂದು ಮಾತಾಡಲು ಮಸ್ಕಿಗೆ ಶಾಸಕರೇ ಇರಲಿಲ್ಲ. ಆ ಸ್ಥಾನ ಸುಮಾರು ಇಪ್ಪತ್ತೊಂದು ತಿಂಗಳು ಬರಿದಾಗಿತ್ತು. ಅದೇ ಅವಧಿಯಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ರೈತರು ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕುಳಿತಿದ್ದರು.

ಕಡೆಗೆ 2021ರ ಏಪ್ರಿಲ್ 17ರಂದು ಉಪಚುನಾವಣೆ ನಡೆಯಿತು. ಅಭ್ಯರ್ಥಿಗಳು ಹಳಬರೇ, ಚಿಹ್ನೆಗಳು ಮಾತ್ರ ಅದಲುಬದಲು. ಹಿಂದೆ ಕೈ ಹಿಡಿದವರು ಕಮಲ ಹಿಡಿದಿದ್ದರು, ಕಮಲ ಹಿಡಿದವರು ಕೈ ಹಿಡಿದಿದ್ದರು. ಚಿಹ್ನೆಯನ್ನು ನೋಡಿ ಮತ ಹಾಕುವ ಅಕ್ಷರವರಿಯದ ಅಜ್ಜಿಯೊಬ್ಬರು ಮನುಷ್ಯನನ್ನು ನಂಬಬೇಕೋ ಚಿಹ್ನೆಯನ್ನು ನಂಬಬೇಕೋ? ಮೇ 2ರಂದು ಫಲಿತಾಂಶ ಬಂದಾಗ ಕಾಂಗ್ರೆಸ್ಸಿನ ತುರ್ವಿಹಾಳರಿಗೆ 86,337, ಭಾಜಪದ ಪಾಟೀಲರಿಗೆ 55,731 ಮತಗಳು, ಅಂತರ 30,606. 2023ರಲ್ಲಿಯೂ ಅದೇ ಇಬ್ಬರು ಎದುರಾಗಿ ತುರ್ವಿಹಾಳರೇ ಗೆದ್ದರು.

ಯಾರು ಸರಿ, ಯಾರು ತಪ್ಪು ಎಂದು ತೀರ್ಪು ನೀಡುವುದು ಗುರುವಿನ ಕೆಲಸವಲ್ಲ. ಅದನ್ನು ಮಸ್ಕಿಯ ಮತದಾರರು ತಮ್ಮ ಬೆರಳಿನಿಂದಲೇ ಹೇಳಿದ್ದಾರೆ. ನಾನು ತಮ್ಮ ಗಮನ ಸೆಳೆಯಬಯಸುವುದು 213 ಎಂಬ ಅಂಕಿಯ ಕಡೆಗೆ. ಅದನ್ನು ಕ್ಷೇತ್ರದ ಮತಗಟ್ಟೆಗಳಿಗೆ ಹಂಚಿದರೆ ಒಂದೊಂದು ಮತಗಟ್ಟೆಗೆ ಹೆಚ್ಚುಕಡಿಮೆ ಒಂದೇ ಮತ ಬರುತ್ತದೆ. ಬೆಂಗಳೂರಿಗೆ ಗುಳೆ ಹೊರಟ ನಾಲ್ಕು ಬಸ್ಸುಗಳ ಜನರಷ್ಟು ಮಾತ್ರ. 'ನನ್ನ ಒಂದು ಮತದಿಂದ ಏನಾದೀತು' ಎಂದು 2018ರ ಮೇ 12ರಂದು ಮನೆಯಲ್ಲೇ ಕುಳಿತ ಮಸ್ಕಿಯ ಮತದಾರನಿಗೆ ಆ ಅಂಕಿ ಉತ್ತರ ಹೇಳಿತು. ಮತಕ್ಕೆ ಬೆಲೆಯಿಲ್ಲವೆಂಬುದು ಸುಳ್ಳು. ಬೆಲೆಯಿರುವುದರಿಂದಲೇ ಅದನ್ನು ಕೊಳ್ಳಲು ಬರುತ್ತಾರೆ.

ಆ ತಾಯಿಯ ಪ್ರಶ್ನೆ

ಈಗ ನಾನು ಮೊದಲು ಹೇಳಿದ ಪ್ರಶ್ನೆಗೆ ಬರುತ್ತೇನೆ. 2023ರ ಮೇ 10ರಂದು ಮತದಾನ. ಅದಕ್ಕೆ ಮುಂಚಿನ ಭಾನುವಾರ ಬಲಿಪೂಜೆಯಲ್ಲಿ ನಾನು ಕಟುವಾಗಿಯೇ ಪ್ರಬೋಧಿಸಿದೆ: ಹಣ ಪಡೆದು ಮತ ಹಾಕುವುದು ಪಾಪ, ಮತವನ್ನು ಮಾರುವವನು ತನ್ನನ್ನೇ ಮಾರಿಕೊಂಡಂತೆ. ಪೂಜೆಯ ನಂತರ ಕೆಲವರು ಬಂದು ಚೆನ್ನಾಗಿ ಹೇಳಿದಿರಿ ಎಂದರು. ನನಗೂ ಸಂತೋಷವಾಯಿತು.

ಮುಂದಿನ ಎರಡು ಭಾನುವಾರ ವೃದ್ಧ ವಿಧವೆಯೊಬ್ಬರು ಪರಮಪ್ರಸಾದ ಸ್ವೀಕರಿಸಲು ಮುಂದೆ ಬರಲಿಲ್ಲ. ಮಳೆಯಿರಲಿ ಬಿಸಿಲಿರಲಿ ಪೂಜೆ ತಪ್ಪಿಸದ ತಾಯಿ ಅವರು. ಮಗ, ಸೊಸೆ ಗುಳೆ ಹೋಗಿದ್ದು, ಮೊಮ್ಮಗನನ್ನು ಇಟ್ಟುಕೊಂಡು ಒಬ್ಬರೇ ಇದ್ದರು. ಮೂರನೆಯ ಭಾನುವಾರ, ಪೆಂತೆಕೊಸ್ತ್ ಹಬ್ಬದ ದಿನ, ಗುರುಮನೆಯ ಜಗಲಿಗೆ ಬಂದು ನಿಂತರು. ಅವರು ಅಲ್ಲಿ ಹೇಳಿದ್ದು ಪಾಪನಿವೇದನೆಯಲ್ಲ. ಇದನ್ನು ಹೆಸರಿಲ್ಲದೆ ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

"ಫಾದರ್, ಒಂದ್ ಮಾತು ಕೇಳ್ಲೇನ್ರಿ? ಉಪ್ಪು ತಿಂದ ಮನಿಗೆ ಎರಡು ಬಗೀಬಾರ್ದು ಅಂತಾರಲ್ರಿ. ರಾತ್ರಿ ಹುಡುಗ್ರು ಬಂದ್ರು, ಐನೂರು ರೂಪಾಯಿ ಕೈಯಾಗ ಇಟ್ರು. ಮರಿಯಮ್ಮನ ಫೋಟೋ ಮುಟ್ಟಿಸಿ ಆಣಿ ಮಾಡಿಸಿಕೊಂಡ್ರು. ಕೂಸಿಗೆ ಜ್ವರ ಇತ್ರಿ, ಆ ರೊಕ್ಕ ಔಷಧಕ್ಕ ಹೋತು. ಈಗ ಅವರಿಗೇ ಹಾಕಿದ್ರ ನೀವು ಪಾಪ ಅಂತೀರಿ. ಬ್ಯಾರೆಯವರಿಗೆ ಹಾಕಿದ್ರ ಮರಿಯಮ್ಮನ ಮುಂದ ಮಾಡಿದ ಆಣಿ ಸುಳ್ಳಾಗ್ತದ. ನಾ ಏನ್ ಮಾಡ್ಬೇಕಿತ್ರಿ?"

ನಾನು ಉತ್ತರಿಸುವ ಮೊದಲೇ ಅವರು ಮತ್ತೊಂದು ಮಾತು ಸೇರಿಸಿದರು: "ಯಾರಿಗೆ ಹಾಕಿದೆ ಅಂತ ಮಾತ್ರ ಕೇಳಬ್ಯಾಡ್ರಿ."

ನಾನು ಕೇಳಲಿಲ್ಲ. ಆದರೆ ಆ ಕ್ಷಣ ನನಗೆ ನಾಚಿಕೆಯಾಯಿತು. ನನ್ನ ಪ್ರಬೋಧನೆ ಈ ತಾಯಿಯ ಮೇಲೆ ಬಿದ್ದಿತ್ತು. ಹಣದ ಕಟ್ಟು ಹಿಡಿದು ರಾತ್ರಿ ಬಾಗಿಲು ತಟ್ಟಿದವರ ಮೇಲೆ ಬಿದ್ದಿರಲಿಲ್ಲ. ಚೆನ್ನಾಗಿ ಹೇಳಿದಿರಿ ಎಂದವರಲ್ಲಿ ಅಂಥ ಕಟ್ಟು ಹಂಚಿದವರು ಇದ್ದರೋ ಏನೋ ನಾನು ಬಲ್ಲವನಲ್ಲ. ಅಷ್ಟೇ ಅಲ್ಲ. ಹಲವು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಚುನಾವಣೆಗೆ ಒಂದು ತಿಂಗಳಿರುವಾಗ ಅಭ್ಯರ್ಥಿಯೊಬ್ಬರು ದೇವಾಲಯದ ಕಾಂಪೌಂಡ್ ಗೋಡೆಗೆ ಸಿಮೆಂಟ್ ಚೀಲಗಳನ್ನು ಕಳುಹಿಸಿದ್ದರು. ನಾನು ಅದನ್ನು ಸ್ವೀಕರಿಸಿ, ಪೂಜೆಯ ಕೊನೆಯಲ್ಲಿ ಅವರ ಹೆಸರು ಹೇಳಿ ವಂದನೆಯನ್ನೂ ಅರ್ಪಿಸಿದ್ದೆ. ಐನೂರು ರೂಪಾಯಿಯ ತಾಯಿಗೆ ಪರಮಪ್ರಸಾದದ ಮುಂದೆ ಹೆಜ್ಜೆ ತಡೆಯಿತು. ಸಿಮೆಂಟ್ ಪಡೆದ ನನಗೆ ಅಂದು ಏನೂ ಅನ್ನಿಸಿರಲಿಲ್ಲ.

ಯಾರ ಉಪ್ಪು?

ಆಕೆಯ ಪ್ರಶ್ನೆಯಲ್ಲಿ ಮೂರು ಗಂಟುಗಳಿವೆ. ಒಂದೊಂದಾಗಿ ಬಿಚ್ಚಿ ನೋಡೋಣ.

ಮೊದಲನೆಯದು ಆಣೆಯ ಗಂಟು. ಪ್ರತಿಜ್ಞೆ ಪವಿತ್ರವಾದುದು, ನಿಜ. ಆದರೆ ಪ್ರತಿಜ್ಞೆಯು ತಪ್ಪು ಕೆಲಸವನ್ನು ಸರಿಯಾಗಿಸಬಲ್ಲದೇ? ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿಯೇ ಈ ಪ್ರಶ್ನೆಯನ್ನೆತ್ತಿ, ಅಧರ್ಮದ ಕಾರ್ಯಕ್ಕಾಗಿ ಮಾಡಿದ ಪ್ರಮಾಣ ಮನುಷ್ಯನನ್ನು ಬಂಧಿಸಲಾರದು ಎಂದು ತೀರ್ಮಾನಿಸಿದರು. ಹೆರೋದ ರಾಜನ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಕುಣಿದ ಹುಡುಗಿಗೆ ಅತಿಥಿಗಳ ಮುಂದೆ ಏನು ಕೇಳಿದರೂ ಕೊಡುವೆನೆಂದು ಆಣೆಯಿಟ್ಟು, ಆ ಆಣೆಯನ್ನು ಉಳಿಸಿಕೊಳ್ಳಲು ಸ್ನಾನಿಕ ಯೊವಾನ್ನರ ತಲೆ ತೆಗೆಸಿದನು. ಅವನು ಮಾತಿಗೆ ತಪ್ಪಲಿಲ್ಲ. ಆದರೂ ಅವನನ್ನು ಸತ್ಯವಂತನೆಂದು ಯಾರೂ ಹೊಗಳುವುದಿಲ್ಲ. ಆಣೆ ಮಾಡಿದ್ದು ಒಂದು ತಪ್ಪು, ಅದನ್ನು ನಡೆಸಿದ್ದು ಅದಕ್ಕಿಂತ ದೊಡ್ಡ ತಪ್ಪು. ನಡುರಾತ್ರಿ ಒಂಟಿ ಮುದುಕಿಯ ಕೈಹಿಡಿದು ಮರಿಯಮ್ಮನ ಪಟ ಮುಟ್ಟಿಸಿದರಲ್ಲ, ಆ ಆಣೆಯ ಭಾರ ಮುಟ್ಟಿಸಿದವರ ತಲೆಯ ಮೇಲಿದೆ. ದೈವಕೋಪದ ಭಯ ಹುಟ್ಟಿಸಿ ಮತ ಕೇಳುವುದನ್ನು 1951ರ ಪ್ರಜಾಪ್ರತಿನಿಧಿ ಕಾಯ್ದೆಯೂ ಭ್ರಷ್ಟ ನಡತೆಯೆಂದೇ ಎಣಿಸುತ್ತದೆ.

ಎರಡನೆಯದು ಉಪ್ಪಿನ ಗಂಟು. ಇದು ಆಣೆಗಿಂತ ಬಿಗಿಯಾದದ್ದು. ಉಂಡ ಮನೆಗೆ ದ್ರೋಹ ಬಗೆಯಬಾರದೆಂಬುದು ನಮ್ಮ ಜನರ ದೊಡ್ಡ ಗುಣ. ಕೃತಜ್ಞತೆ, ಕೊಟ್ಟ ಮಾತಿಗೆ ನಿಲ್ಲುವುದು, ಇವು ಬಡವರ ಮನೆಯ ಆಸ್ತಿ. ಮತ ಖರೀದಿಸುವವನು ಈ ಆಸ್ತಿಗೇ ಕೈಹಾಕುತ್ತಾನೆ. ಅವನು ಆ ತಾಯಿಯ ದುರಾಸೆಯನ್ನಲ್ಲ, ಆಕೆಯ ಒಳ್ಳೆಯತನವನ್ನು ಬಳಸಿಕೊಂಡ. ಚುನಾವಣೆಯ ಕಾಲದಲ್ಲಿ ಮತದಾರನಿಗಾಗುವ ಅನ್ಯಾಯಗಳಲ್ಲಿ ನನ್ನ ದೃಷ್ಟಿಗೆ ಇದೇ ದೊಡ್ಡದು. ಹೆಸರು ಬಿಟ್ಟುಹೋದರೆ ಮುಂದಿನ ಸಲ ಸೇರಿಸಬಹುದು. ಮನುಷ್ಯನ ಸದ್ಗುಣವನ್ನೇ ಅವನಿಗೆ ಹಗ್ಗವಾಗಿ ಕಟ್ಟಿದರೆ ಅವನು ಹೇಗೆ ಬಿಡಿಸಿಕೊಂಡಾನು?

ಆದ್ದರಿಂದ ಕೇಳಬೇಕಾದ ಪ್ರಶ್ನೆ, ಆ ಉಪ್ಪು ಯಾರದು ಎಂಬುದು. ಚುನಾವಣೆಯಲ್ಲಿ ಹಂಚಿದ ಹಣವನ್ನು ಗೆದ್ದ ಮೇಲೆ ಮರಳಿ ಪಡೆಯಬೇಕೆಂದು ಹಂಚಿದವನು ಲೆಕ್ಕ ಹಾಕಿಯೇ ಇರುತ್ತಾನೆ. ಅದು ಮರಳುವುದು ಎಲ್ಲಿಂದ? ಎರಡೇ ಮಳೆಗೆ ಕಿತ್ತುಹೋಗುವ ರಸ್ತೆಯಿಂದ, ಕೊನೆಯಂಚಿನ ಹೊಲಕ್ಕೆ ತಲುಪದ ಕಾಲುವೆಯಿಂದ, ಔಷಧವಿಲ್ಲದ ಆಸ್ಪತ್ರೆಯಿಂದ. ಸರಕಾರಿ ಆಸ್ಪತ್ರೆಯಲ್ಲಿ ಆ ಕೂಸಿಗೆ ಔಷಧ ಸಿಕ್ಕಿದ್ದರೆ ಆ ತಾಯಿಗೆ ಐನೂರು ರೂಪಾಯಿ ಬೇಕಾಗುತ್ತಿತ್ತೇ? ಆಕೆ ತಿಂದದ್ದು ಅವರ ಉಪ್ಪಲ್ಲ. ಆಕೆಯ ಮನೆಯ ಉಪ್ಪನ್ನೇ ಕದ್ದು ಚಿಟಿಕೆಯಷ್ಟನ್ನು ಆಕೆಗೇ ಕೊಟ್ಟು ಋಣವೆಂದು ಬರೆದುಕೊಂಡರು. ಅಂಥ ಋಣ ಯಾವ ಧರ್ಮದ ಲೆಕ್ಕದಲ್ಲಿಯೂ ನಿಲ್ಲುವುದಿಲ್ಲ.

ಹಾಗಾದರೆ ಪಡೆದದ್ದು ಸರಿಯೇ? ಅಲ್ಲ. ಲಂಚ ಕೊಡುವವನಂತೆ ಪಡೆಯುವವನೂ ತಪ್ಪಿತಸ್ಥನೆಂದು ಈಗಿನ ಭಾರತೀಯ ನ್ಯಾಯ ಸಂಹಿತೆಯೂ, ಹಿಂದಿದ್ದ ದಂಡ ಸಂಹಿತೆಯೂ ಹೇಳುತ್ತವೆ. ಆದರೆ ಮಾಡಬೇಕಾದ ಪರಿಹಾರವೇನು? ಇಲ್ಲಿಯೂ ಅಕ್ವಿನಾಸರ ವಿವೇಚನೆ ಸೂಕ್ಷ್ಮವಾಗಿದೆ. ಕೊಡುವುದೇ ಅಧರ್ಮವಾಗಿರುವಾಗ ಕೊಟ್ಟವನು ಅದನ್ನು ಮರಳಿ ಪಡೆಯಲು ಅರ್ಹನಲ್ಲ. ಪಡೆದವನು ಅದನ್ನು ತನ್ನಲ್ಲೇ ಇಟ್ಟುಕೊಳ್ಳಲೂ ಬಾರದು. ಅದು ಧರ್ಮಕಾರ್ಯಕ್ಕೆ ಸಲ್ಲಬೇಕು. ನಾನು ಇದನ್ನು ಆಕೆಗೆ ತಿಳಿಯುವಂತೆ ಹೇಳಿದಾಗ ಆಕೆ ನಕ್ಕರು. "ನಾನs ಬಡವಿ ಫಾದರ್, ನಾ ಯಾರಿಗೆ ದಾನ ಮಾಡ್ಲಿ?" ಎಂದರು. ನಿಮಗಿಂತ ಬಡವರು ಕಂಡಾಗ, ನಿಮಗೆ ಅನುಕೂಲವಾದಾಗ ಎಂದೆ.

ಮೂರನೆಯದು ಭಯದ ಗಂಟು. 'ಯಾರಿಗೆ ಹಾಕಿದೆನೆಂದು ಅವರಿಗೆ ತಿಳಿಯುತ್ತದಂತೆ' ಎಂಬ ಮಾತು ಓಣಿ ಓಣಿಯಲ್ಲಿ ಹರಡಿರುತ್ತದೆ. ಹರಡುವವರು ಕೊಟ್ಟವರೇ. ಮತಯಂತ್ರದ ಪಕ್ಕದ ಪೆಟ್ಟಿಗೆಯಲ್ಲಿ ಮುದ್ರಿತ ಚೀಟಿಯೊಂದು ಏಳು ಸೆಕೆಂಡು ಗಾಜಿನ ಹಿಂದೆ ಕಂಡು ಒಳಗೆ ಬೀಳುತ್ತದೆ; ಅದನ್ನು ಕಾಣುವವರು ಮತ ಹಾಕಿದವರೊಬ್ಬರೇ. ಎಣಿಕೆಯ ನಂತರ ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತೆಂಬುದು ಪ್ರಕಟವಾಗುತ್ತದೆ, ಅದು ನಿಜ. ಆದರೆ ಊರಿನ ಒಟ್ಟು ಲೆಕ್ಕ ತಿಳಿದೀತೇ ಹೊರತು ಯಾವ ತಾಯಿ ಯಾವ ಗುಂಡಿ ಒತ್ತಿದರೆಂಬುದು ತಿಳಿಯದು. ಮತಗಟ್ಟೆಯ ಆ ರಟ್ಟಿನ ಮರೆಯ ಹಿಂದೆ ಬಡವನು ಯಾರ ಆಳೂ ಅಲ್ಲ, ಯಾರ ಸಾಲಗಾರನೂ ಅಲ್ಲ. ಯಾರಿಗೆ ಹಾಕಿದೆನೆಂದು ಗುರುವಿಗೂ ಹೇಳದ ಆ ತಾಯಿಯು ಗುಪ್ತ ಮತದಾನದ ಅರ್ಥವನ್ನು ನನಗಿಂತ ಚೆನ್ನಾಗಿ ಅರಿತಿದ್ದರು.

ಮಸ್ಕಿಯ ಕಲ್ಲು ಹೇಳುವುದು

ಇಷ್ಟೆಲ್ಲ ಕಿರುಕುಳದ ನಡುವೆ ಮತದಾನವೆಂಬುದು ಬೇಕೇ ಎಂದು ಕೆಲವು ಯುವಕರು ಕೇಳುತ್ತಾರೆ. ಅವರಿಗೆ ಎರಡು ನೆನಪುಗಳನ್ನು ಕೊಡಬಯಸುತ್ತೇನೆ. ನಮ್ಮ ಈ ಸೀಮೆ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಇಲ್ಲಿನ ಕೂಲಿಯವನಿಗೂ ಗೌಡನಿಗೂ ಸಮನಾದ ಒಂದೊಂದು ಮತ ದೊರೆತದ್ದು ಸಂವಿಧಾನ ಬಂದ ಮೇಲೆ, ಮೊದಲ ಮಹಾಚುನಾವಣೆಯಲ್ಲಿ. ಇಂದಿನ ಅಜ್ಜಂದಿರ ತಂದೆ ತಾಯಿಯರು ಬದುಕಿನ ಅರ್ಧ ದಾರಿ ಕಳೆದ ಮೇಲೆ ಪಡೆದ ಹಕ್ಕು ಅದು.

ಇನ್ನೊಂದು ನೆನಪು ಮಸ್ಕಿಯ ಬೆಟ್ಟದಲ್ಲಿದೆ. 1915ರಲ್ಲಿ ಚಿನ್ನದ ಅದಿರನ್ನು ಅರಸುತ್ತಿದ್ದ ಎಂಜಿನಿಯರ್ ಸಿ. ಬೀಡನ್ನರ ಕಣ್ಣಿಗೆ ಬಿದ್ದ ಆ ಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ಕೆತ್ತಿದೆ. ಅದಕ್ಕೆ ಮುಂಚೆ ದೊರೆತಿದ್ದ ಶಾಸನಗಳಲ್ಲಿ ಅರಸನ ಬಿರುದಿತ್ತೇ ಹೊರತು ಹೆಸರಿರಲಿಲ್ಲ. ಪಟ್ಟಿಯಲ್ಲಿ ಹೆಸರಿರುವುದರ ಮಹತ್ವವನ್ನು ಮಸ್ಕಿಯವರಿಗೆ ಬೇರೆಯವರು ಹೇಳಬೇಕಾಗಿಲ್ಲ! ಆ ಶಾಸನ ಸಾರುವ ತಿರುಳೆಂದರೆ, ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು, ಚಿಕ್ಕವರೂ ಅದನ್ನು ಪಡೆಯಬಲ್ಲರು ಎಂಬುದು. ಚಿಕ್ಕವರನ್ನೂ ದೊಡ್ಡವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಸ್ಥಳ ನಮ್ಮ ಕಾಲದಲ್ಲಿ ಮತಗಟ್ಟೆ.

ಎರಡನೆಯ ವ್ಯಾಟಿಕನ್ ಮಹಾಸಭೆಯು ಸರ್ವರ ಹಿತಕ್ಕಾಗಿ ಸ್ವತಂತ್ರವಾಗಿ ಮತ ಚಲಾಯಿಸುವುದನ್ನು ನಾಗರಿಕನ ಹಕ್ಕೆಂದೂ ಕರ್ತವ್ಯವೆಂದೂ ಕರೆದಿದೆ. 'ಸ್ವತಂತ್ರವಾಗಿ' ಎಂಬ ಪದವನ್ನು ನಾವು ಗಮನಿಸಬೇಕು. ಅದಕ್ಕೆ ಬೇಕಾದ ಸಿದ್ಧತೆ ಚುನಾವಣೆಯ ವಾರದಲ್ಲಿ ಆಗುವಂಥದಲ್ಲ, ಇಂದೇ ಆಗಬೇಕು. ಮನೆಯಲ್ಲಿ ಹದಿನೆಂಟು ತುಂಬುವ ಮಕ್ಕಳಿದ್ದರೆ 6ನೇ ನಮೂನೆಯ ಅರ್ಜಿ ಕೊಡಿಸಿರಿ; ಈಗ ವರ್ಷಕ್ಕೊಮ್ಮೆ ಕಾಯಬೇಕಿಲ್ಲ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳು ನಾಲ್ಕೂ ಅರ್ಹತೆಯ ದಿನಗಳೇ. ಊರು ಬದಲಿಸಿದವರು, ಹೆಸರಿನಲ್ಲಿ ತಪ್ಪಿರುವವರು 8ನೇ ನಮೂನೆ ಕೊಡಲಿ, ನನ್ನಂತೆ ಮುಂದೂಡದಿರಲಿ. ಸಂಶಯವಿದ್ದರೆ 1950 ಸಂಖ್ಯೆಗೆ ದೂರವಾಣಿ ಮಾಡಬಹುದು. ನಡೆಯಲಾಗದ ಹಿರಿಯರಿಗೆ ಮನೆಯಲ್ಲೇ ಮತ ಹಾಕುವ ಸೌಲಭ್ಯವನ್ನು 2024ರ ಲೋಕಸಭಾ ಚುನಾವಣೆಯಲ್ಲಿ 85 ವರ್ಷ ಮೀರಿದವರಿಗೆ ಕಲ್ಪಿಸಲಾಗಿತ್ತು; ಮುಂದಿನ ಸಲ ಮೊದಲೇ ವಿಚಾರಿಸಿ ಅರ್ಜಿ ಕೊಡಿರಿ. ಮತಗಟ್ಟೆಗೆ ಹೋದಾಗ ನಿಮ್ಮ ಮತವನ್ನು ಬೇರೆ ಯಾರೋ ಹಾಕಿಹೋಗಿದ್ದರೆ ಅಳುಮುಖದಿಂದ ಹಿಂದಿರುಗಬೇಡಿರಿ. ನಿಮ್ಮ ಗುರುತನ್ನು ರುಜುವಾತುಪಡಿಸಿ ಟೆಂಡರ್ ಮತಪತ್ರ ಕೇಳುವ ಹಕ್ಕು ನಿಮಗಿದೆ. ನಿಂತವರಲ್ಲಿ ಯಾರೂ ಯೋಗ್ಯರಲ್ಲವೆಂದು ಮನಸ್ಸಾಕ್ಷಿ ಹೇಳಿದರೆ, 2013ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಬಂದ 'ಮೇಲಿನ ಯಾರೂ ಅಲ್ಲ' ಎಂಬ ಗುಂಡಿಯೂ ಯಂತ್ರದಲ್ಲಿದೆ.

ರಾತ್ರಿ ಬಾಗಿಲು ತಟ್ಟಿದವರಿಗೆ ಏನು ಹೇಳಬೇಕು? ಹಗಲಿನಲ್ಲಿ ಬನ್ನಿರೆಂದು ಹೇಳಿದರೆ ಸಾಕು. ಒಂಟಿ ಮನೆಯವರಿಗೆ ಹಾಗೆ ಹೇಳುವ ಧೈರ್ಯ ಬರಬೇಕಾದರೆ ಓಣಿಯ ನಾಲ್ಕು ಮನೆಯವರು ಮೊದಲೇ ಮಾತಾಡಿಕೊಂಡು ಒಟ್ಟಾಗಿ ನಿಲ್ಲಬೇಕು. ಆ ತಾಯಿಯ ಮನೆಗೆ ಹುಡುಗರು ಬಂದ ರಾತ್ರಿ ನೆರೆಮನೆಯ ದೀಪಗಳು ಉರಿಯುತ್ತಿದ್ದುವಂತೆ. ಯಾರೂ ಹೊರಗೆ ಬರಲಿಲ್ಲ. ನಮ್ಮ ಧರ್ಮಕೇಂದ್ರದ ಸಮಿತಿಯಲ್ಲಿ ಈಗ ಒಂದು ನಿರ್ಧಾರವಾಗಿದೆ: ಚುನಾವಣೆ ಹತ್ತಿರವಿರುವಾಗ ಯಾವ ಅಭ್ಯರ್ಥಿಯಿಂದಲೂ ದೇವಾಲಯಕ್ಕೆ ಒಂದು ಚೀಲ ಸಿಮೆಂಟನ್ನೂ ಪಡೆಯುವುದಿಲ್ಲ. ಗುರುವಿನ ಕೈ ಮೊದಲು ಬರಿದಾಗಿರಬೇಕು. ಆಮೇಲೆ ಅವನ ಬಾಯಿ ಬೋಧಿಸಬಹುದು.

ಆ ವರ್ಷ ಸುಗ್ಗಿಯ ನಂತರ ಆ ತಾಯಿ ಮಡಿಲಲ್ಲಿ ಒಂದಿಷ್ಟು ಜೋಳ ಕಟ್ಟಿಕೊಂಡು ಗುರುಮನೆಗೆ ಬಂದರು. ತಮ್ಮ ಓಣಿಯಲ್ಲಿ ಮಗ ಗುಳೆ ಹೋಗಿ ಹಣ ಕಳುಹಿಸದೆ ಕಣ್ಣು ಕಾಣದ ಮುದುಕರೊಬ್ಬರಿದ್ದಾರೆ, ಅವರಿಗೆ ಮುಟ್ಟಿಸಿರಿ ಎಂದರು. ಎಷ್ಟು ಜೋಳವೆಂದು ನಾನು ಅಳೆಯಲಿಲ್ಲ. ಮುಂದಿನ ಭಾನುವಾರ ಅವರು ಎಂದಿನಂತೆ ಸಾಲಿನಲ್ಲಿ ಬಂದು ಕೈಚಾಚಿ ಪರಮಪ್ರಸಾದ ಸ್ವೀಕರಿಸಿದರು. ಯಾರಿಗೆ ಮತ ಹಾಕಿದರೆಂಬುದು ಇಂದಿಗೂ ನನಗೆ ತಿಳಿದಿಲ್ಲ.